ತಿಮ್ಮನನ್ನು ಕೊಟ್ಟ ಬೀಚಿ

ತಿಮ್ಮನ ಜೋಕು ಹೇಳಿ ನಾವು ಎಷ್ಟೋ ಸಲ ನಕ್ಕಿದ್ದೇವೆ. ತಮ್ಮ ಪುಸ್ತಕಗಳಲ್ಲಿ ಆ ತಿಮ್ಮನನ್ನು ಕುಣಿಸಿದ ಬೀಚಿ ಯಾರು ಗೊತ್ತಾ?

ಅವರ ನಿಜವಾದ ಹೆಸರು ರಾಯಸಂ ಭೀಮಸೇನರಾವ್. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದರು. ಆಗ ಆ ಊರು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ದೊಡ್ಡವರಾಗಿ ಪೊಲೀಸ್ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದರು. ಪೊಲೀಸ್ ಇಲಾಖೆಯವರು ಊರನ್ನೇ ನಗಿಸ್ತಾರೆ ಅಂದ್ರೆ ನಂಬೋದು ಕಷ್ಟ!

ಇನ್ನೊಂದು ಆಶ್ಚರ್ಯ ಕೇಳಿ. ಮೊದಮೊದಲು ಅವರಿಗೆ ಕನ್ನಡ ಪುಸ್ತಕ ಅಂದರೆ ತಾತ್ಸಾರ. ಓದಿದರೆ ಇಂಗ್ಲಿಷೇ ಆಗಬೇಕು. ಒಮ್ಮೆ ಅ.ನ.ಕೃ. ಬರೆದ ‘ಸಂಧ್ಯಾರಾಗ’ ಕಾದಂಬರಿ ಓದಿದರು. ಅಲ್ಲಿಗೆ ತಾತ್ಸಾರ ಹೋಯಿತು. ಕನ್ನಡ ಓದಿದ್ದಷ್ಟೇ ಅಲ್ಲ, ತಾವೇ ಬರೆಯತೊಡಗಿದರು. ಆದರೂ ಹೆಸರು ಬರೆಯುವಾಗ ‘ಬೀ’ ಕನ್ನಡದಲ್ಲಿ, ‘ಚಿ’ ಇಂಗ್ಲಿಷ್ ಅಕ್ಷರದಲ್ಲಿ! ನಾವು ಪರೀಕ್ಷೆಯಲ್ಲಿ ಹಾಗೆ ಬರೆದರೆ ಮೇಷ್ಟ್ರು ಸುಮ್ಮನೆ ಬಿಡ್ತಾರಾ?

ಗಂಡ ಹೆಂಡಿರ ಜಗಳ, ಸಾಹೇಬರ ದರ್ಪ, ದೊಡ್ಡವರ ಸೋಗು, ಎಲ್ಲವೂ ಅವರ ಬರಹಕ್ಕೆ ಬಂತು. ದಡ್ಡನಂತೆ ಕಾಣುವ ತಿಮ್ಮ ಕೇಳೋ ಪ್ರಶ್ನೆಗೆ ಬುದ್ಧಿವಂತರೇ ತಬ್ಬಿಬ್ಬು. 1980ರಲ್ಲಿ ತೀರಿಕೊಂಡ ಬೀಚಿ ತಮ್ಮನ್ನೂ ಬಿಟ್ಟವರಲ್ಲ. ತಮ್ಮ ಜೀವನದ ಕಥೆ ಬರೆದು, ಬಯಾಗ್ರಫಿ ಅನ್ನುವ ಬದಲು ‘ನನ್ನ ಭಯಾಗ್ರಫಿ’ ಅಂತ ಹೆಸರಿಟ್ಟರು.