ಕನಕಗಿರಿಯ ವೈಯಾಕರಣ ಪೂಜ್ಯಪಾದ

ಚಾಮರಾಜನಗರ ತಾಲೂಕಿನ ಮಲೆಯೂರಿನ ಕನಕಗಿರಿ ಜೈನರ ಪುಣ್ಯಕ್ಷೇತ್ರ. ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಶ್ರಾವಕರಿಗೆ ಇದು ಆಚಾರ್ಯ ಪೂಜ್ಯಪಾದರ ತಪೋಭೂಮಿ. ಸುಮಾರು 5–6ನೇ ಶತಮಾನದಲ್ಲಿದ್ದ ಈ ಮುನಿ ಸಂಸ್ಕೃತಕ್ಕೆ ಜೈನೇಂದ್ರ ವ್ಯಾಕರಣವನ್ನು ಕೊಟ್ಟರು.

ಪೂಜ್ಯಪಾದ ಚರಿತೆಯ ಪ್ರಕಾರ ಇವರ ತಂದೆ ಮಾಧವಭಟ್ಟ, ತಾಯಿ ಶ್ರೀದೇವಿ. ಮೊದಲ ಹೆಸರು ದೇವನಂದಿ. ಬುದ್ಧಿಯ ಹಿರಿಮೆಯಿಂದ ಜಿನೇಂದ್ರಬುದ್ಧಿ ಎಂದೂ, ದೇವತೆಗಳು ಪಾದಗಳನ್ನು ಪೂಜಿಸಿದ್ದರಿಂದ ಪೂಜ್ಯಪಾದ ಎಂದೂ ಹೆಸರಾದರೆಂದು ಶ್ರವಣಬೆಳಗೊಳದ 1163ರ ಶಾಸನ ತಿಳಿಸುತ್ತದೆ. ಗಂಗರ ದೊರೆ ದುರ್ವಿನೀತ ಇವರ ಶಿಷ್ಯನೆಂಬುದು ಪರಂಪರೆಯ ನಂಬಿಕೆ, ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಪಾಣಿನಿಯ ವ್ಯಾಕರಣದಲ್ಲಿ ಎಂಟು ಅಧ್ಯಾಯಗಳು, ಸುಮಾರು 4,000 ಸೂತ್ರಗಳಿವೆ. ಪೂಜ್ಯಪಾದರು ಅದನ್ನೇ ಆಧರಿಸಿ ಐದು ಅಧ್ಯಾಯಗಳ, ಸುಮಾರು 3,000 ಸೂತ್ರಗಳ ಗ್ರಂಥ ರಚಿಸಿದರು. ಅವರ ಮಿತವ್ಯಯ ಬೆರಗು ಹುಟ್ಟಿಸುತ್ತದೆ. 'ವಿಭಕ್ತೀ' ಎಂಬ ಪದವನ್ನೇ ಬಿಡಿಸಿ, ವ್ಯಂಜನಗಳಿಗೆ ಆಕಾರವನ್ನೂ ಸ್ವರಗಳಿಗೆ ಪಕಾರವನ್ನೂ ಸೇರಿಸಿ ವಾ, ಇಪ್, ಭಾ, ಅಪ್, ಕಾ, ತಾ, ಈಪ್ ಎಂದು ಏಳು ವಿಭಕ್ತಿಗಳಿಗೆ ಹೆಸರಿಟ್ಟರು.

ಅವರ ದಿಟ್ಟತನ ಕಾಣುವುದು ಏಕಶೇಷದ ವಿಷಯದಲ್ಲಿ. ಇಬ್ಬರು ರಾಮರನ್ನು ಹೇಳಲು ರಾಮ ಶಬ್ದವನ್ನು ಎರಡು ಬಾರಿ ತಂದು, ಒಂದನ್ನಷ್ಟೇ ಉಳಿಸಿಕೊಳ್ಳಬೇಕೆಂಬುದು ಪಾಣಿನಿಯ ವಿಧಿ. ಶಬ್ದಕ್ಕೆ ಅರ್ಥವನ್ನು ಹೇಳುವ ಶಕ್ತಿ ಸ್ವಾಭಾವಿಕವಾದ್ದರಿಂದ ಅಂಥ ವಿಧಿಯೇ ಬೇಡವೆಂದು ಪೂಜ್ಯಪಾದರು ಆ ಪ್ರಕರಣವನ್ನೇ ಕೈಬಿಟ್ಟರು. ಅವರ ವ್ಯಾಕರಣಕ್ಕೆ ಅನೇಕಶೇಷವೆಂಬ ಹೆಸರು ಬಂದದ್ದು ಹೀಗೆ.

ಈ ವಿವೇಕ ಇಂದಿನ ಕಂಪ್ಯೂಟರ್ ಭಾಷೆಗಳಿಗೂ ಹತ್ತಿರದ್ದು. ಜಾವಾದಲ್ಲಿ ಒಂದು ವರ್ಗಕ್ಕೆ ಒಂದೇ ವಸ್ತು ಇರಬೇಕಾದರೆ ಆ ಕಟ್ಟುಪಾಡನ್ನು ಬರೆಯುವ ಹೊಣೆ ಸಾಮಾನ್ಯವಾಗಿ ಪ್ರೋಗ್ರಾಮರನದು. ಸ್ಕಾಲಾದಲ್ಲಿ 'ಆಬ್ಜೆಕ್ಟ್' ಎಂದು ಘೋಷಿಸಿದರೆ ಸಾಕು. ಆ ಏಕೈಕ ವಸ್ತುವನ್ನು ಸೃಷ್ಟಿಸುವ ಆದೇಶಗಳನ್ನು ಕಂಪೈಲರ್ ತಾನೇ ಕ್ಲಾಸ್ ಫೈಲಿನಲ್ಲಿ ಬರೆದಿಡುತ್ತದೆ. ಭಾಷೆಯೇ ಮಾಡುವ ಕೆಲಸಕ್ಕೆ ಬೇರೆ ವಿಧಿ ಬೇಕಿಲ್ಲ. ಕಂಪ್ಯೂಟರ್ ಭಾಷೆಗಳ ವ್ಯಾಕರಣ ಬರೆಯುವ ಬ್ಯಾಕಸ್ ಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು ಪೀಟರ್ ಇಂಗರ್ಮನ್ 1967ರಲ್ಲೇ ಸೂಚಿಸಿದ್ದರು.

ಪೂಜ್ಯಪಾದರು ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನವನ್ನೂ, ಸಮಾಧಿತಂತ್ರ, ಇಷ್ಟೋಪದೇಶಗಳನ್ನೂ ರಚಿಸಿದರು. ದೃಷ್ಟಿ ಕಳೆದುಕೊಂಡಾಗ ಶಾಂತ್ಯಷ್ಟಕವನ್ನು ರಚಿಸಿ ಮರಳಿ ಪಡೆದರೆಂಬ ಐತಿಹ್ಯವಿದೆ. ಅವರು ದೇಹ ಬಿಟ್ಟದ್ದು ಕನಕಗಿರಿಯಲ್ಲೇ ಎಂಬುದು ಸ್ಥಳೀಯರ ನಂಬಿಕೆ. ಶತಮಾನಗಳ ನಂತರ ಅದೇ ಮಲೆಯೂರಿನ ದೇವಚಂದ್ರ ತನ್ನ ರಾಜಾವಳೀ ಕಥೆಯಲ್ಲಿ ಪೂಜ್ಯಪಾದರ ಕಥೆಯನ್ನು ದಾಖಲಿಸಿ, ಬೆಟ್ಟದ ನೆನಪನ್ನು ಕನ್ನಡದಲ್ಲಿ ಉಳಿಸಿದನು.