ವಾಗ್ಗೇಯಕಾರ ವಾಸುದೇವಾಚಾರ್ಯರು

ಮೈಸೂರು ವಾಸುದೇವಾಚಾರ್ಯರನ್ನು ಕಣ್ಣಾರೆ ಕಾಣುವ ಭಾಗ್ಯ ನನ್ನ ತಲೆಮಾರಿನವರದಲ್ಲ. ನನಗೆ ಅವರ ಪರಿಚಯವಾದುದು ‘ನಾ ಕಂಡ ಕಲಾವಿದರು’ ಎಂಬ ಗ್ರಂಥದಿಂದ. ಖಮಾಚ್ ರಾಗದ ‘ಬ್ರೋಚೇವಾರೆವರುರಾ’ ಕೃತಿಯನ್ನು ರಚಿಸಿದವರೂ ಇವರೇ ಎಂಬುದನ್ನು ಅರಿತಾಗ, ವಿದ್ಯಾರ್ಥಿಯಾಗಿದ್ದ ನಾನು ಬೆರಗಾಗಿದ್ದೆ.

ಅವರು 1865ರ ಮೇ 28ರಂದು ಮೈಸೂರಿನ ಆಚಾರವಂತ ಮಾಧ್ವ ಮನೆತನವೊಂದರಲ್ಲಿ ಜನಿಸಿದರು. ಎಳವೆಯಲ್ಲಿಯೇ ತಂದೆ ತೀರಿಕೊಂಡುದರಿಂದ ತಾತನ ಆಸರೆಯಲ್ಲಿ ಬೆಳೆಯಬೇಕಾಯಿತು. ಸಂಸ್ಕೃತ ಪಾಠಶಾಲೆಯಲ್ಲಿ ಕಾವ್ಯ, ವ್ಯಾಕರಣ, ಅಲಂಕಾರಗಳ ವ್ಯಾಸಂಗ. ವೀಣೆ ಪದ್ಮನಾಭಯ್ಯನವರಲ್ಲಿ ಸಂಗೀತಾಭ್ಯಾಸ. ಮುಂದೆ ಚಾಮರಾಜೇಂದ್ರ ಒಡೆಯರ ಧನಸಹಾಯದಿಂದ ತಿರುವೈಯಾರಿಗೆ ತೆರಳಿ, ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಮನೆಯಲ್ಲಿ ಗುರುಕುಲವಾಸ ಮಾಡಿದರು. ಅಯ್ಯರ್ ಅವರು ತ್ಯಾಗರಾಜರ ಶಿಷ್ಯ ಮಾನಂಬುಚಾವಡಿ ವೆಂಕಟಸುಬ್ಬಯ್ಯನವರಲ್ಲಿ ಕಲಿತವರು. ಒರಟಾದ ಶಾರೀರವನ್ನು ಕಠಿನ ಸಾಧನೆಯಿಂದ ಪಳಗಿಸಿಕೊಂಡವರೆಂಬುದು ಅವರ ಹಿರಿಮೆ. ಶಿಷ್ಯರು ಅಲ್ಲಿಂದ ತಂದುದು ಪಾಠವನ್ನಷ್ಟೇ ಅಲ್ಲ, ತ್ಯಾಗರಾಜರ ರಾಮಭಕ್ತಿಯ ಹಾದಿಯನ್ನೂ ಕೂಡ.

ಆಚಾರ್ಯರು ‘ವಾಸುದೇವ’ ಎಂಬ ಅಂಕಿತದಲ್ಲಿ ಸುಮಾರು 200 ರಚನೆಗಳನ್ನು ಮಾಡಿದರು. ಹೆಸರು ತಮ್ಮದೂ ಹೌದು, ದೇವರದೂ ಹೌದು. ಆದರೆ ಅವುಗಳಲ್ಲಿ ಬಹುಪಾಲು ತೆಲುಗು ಮತ್ತು ಸಂಸ್ಕೃತದಲ್ಲಿವೆ. ಕನ್ನಡ ಬೋಧಿಸಿ ಬದುಕುವ ನನಗೆ ಇದು ಬಹುಕಾಲ ಒಂದು ಕೊರಗಾಗಿತ್ತು. ಈಗಲೂ ಪೂರ್ತಿ ಹೋಗಿಲ್ಲವೆಂದೇ ಹೇಳಬೇಕು. ಮೈಸೂರಿನ ಆಸ್ಥಾನದಲ್ಲಿ ಬಾಳಿದ ಕನ್ನಡಿಗನಿಗೆ ಹಾಡಲು ಕನ್ನಡ ಒದಗಲಿಲ್ಲವೇ? ಗುರುಪರಂಪರೆಯ ಭಾಷೆ ತೆಲುಗು, ವ್ಯಾಸಂಗದ ಭಾಷೆ ಸಂಸ್ಕೃತ ಎಂಬ ಸಮಾಧಾನ ಉಂಟು. ಅದಕ್ಕಿಂತ ಮಿಗಿಲಾದ ಸಮಾಧಾನವನ್ನು ಅವರ ಗದ್ಯವೇ ಕೊಟ್ಟಿತು. ದೇವರೊಡನೆ ಆಡುವ ಮಾತಿಗೆ ಅನ್ಯಭಾಷೆಗಳನ್ನು ಬಳಸಿದವರು, ಮನುಷ್ಯರನ್ನು ನೆನೆಯುವಾಗ ಕನ್ನಡಕ್ಕೆ ಬಂದರು. ‘ನೆನಪುಗಳು’ ಎಂಬ ಆತ್ಮಕಥೆ ಬರೆದರು; ಗುರುಗಳನ್ನೂ ಸಮಕಾಲೀನ ವಿದ್ವಾಂಸರನ್ನೂ ನಮ್ಮ ಕಣ್ಣೆದುರು ನಿಲ್ಲಿಸಿದರು. ಪರರ ವಿದ್ವತ್ತನ್ನು ಕಂಡು ಹಿಗ್ಗುವ ಆ ಬರವಣಿಗೆಯಲ್ಲಿ ಅಸೂಯೆಯ ಸೋಂಕಿಲ್ಲ. ಸಂಗೀತಗಾರರ ಲೋಕದಲ್ಲಿ, ನಮ್ಮ ಸಾಹಿತಿಗಳ ಲೋಕದಲ್ಲಿಯೂ, ಇದು ಸಾಮಾನ್ಯ ಗುಣವಲ್ಲ.

1935ರಲ್ಲಿ ಸಂಗೀತ ಕಲಾನಿಧಿ, 1959ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಬಂದುವು. ಆದರೆ ನನ್ನ ಮನಸ್ಸು ನಿಲ್ಲುವುದು ಅವರ ಇಳಿವಯಸ್ಸಿನ ಕಾರ್ಯದಲ್ಲಿ. ವಿಶ್ರಾಂತಿಯ ವಯಸ್ಸು ಎಂದೋ ದಾಟಿದ್ದ ಅವರು, ರುಕ್ಮಿಣೀದೇವಿಯವರ ಆಹ್ವಾನಕ್ಕೆ ಓಗೊಟ್ಟು ಮದರಾಸಿನ ಕಲಾಕ್ಷೇತ್ರಕ್ಕೆ ಹೋದರು. ವಾಲ್ಮೀಕಿ ರಾಮಾಯಣವನ್ನು ನೃತ್ಯನಾಟಕ ಮಾಲೆಯಾಗಿ ರೂಪಿಸುವ ಸಂಕಲ್ಪ ಆಕೆಯದು. ಸಂಗೀತ ಸಂಯೋಜನೆಯ ಭಾರ ಆಚಾರ್ಯರದು. ಮಾಲೆಯ ಮೊದಲ ನಾಟಕ ‘ಸೀತಾಸ್ವಯಂವರಂ’ 1955ರಲ್ಲಿ ರಂಗಕ್ಕೆ ಬಂದಾಗ ಅವರಿಗೆ ತೊಂಬತ್ತರ ಆಸುಪಾಸು. ಜೀವನವಿಡೀ ಒಂದೊಂದು ಕೃತಿಯಲ್ಲಿ ಕರೆದ ರಾಮನ ಕಥೆಯನ್ನು ಈಗ ಕಾಂಡಕಾಂಡವಾಗಿ ಹಾಡಿಸಬೇಕಾಗಿತ್ತು. ಜೊತೆಯಲ್ಲಿ ಮೊಮ್ಮಗ ಎಸ್. ರಾಜಾರಾಮ್ ಇದ್ದರು. ತಂದೆಯಿಲ್ಲದ ಬಾಲಕನನ್ನು ಒಬ್ಬ ತಾತ ಬೆಳೆಸಿದ್ದರು. ಆ ಬಾಲಕ ಈಗ ತಾನೇ ತಾತನಾಗಿ ಮೊಮ್ಮಗನಿಗೆ ವಿದ್ಯೆಯನ್ನು ಧಾರೆಯೆರೆಯುತ್ತಿದ್ದ.

1961ರ ಮೇ 17ರಂದು ಆಚಾರ್ಯರು ಕಾಲವಾದರು. ತೊಂಬತ್ತಾರು ತುಂಬಲು ಹನ್ನೊಂದು ದಿನಗಳಿದ್ದುವು. ರಾಮಾಯಣ ಇನ್ನೂ ಮುಗಿದಿರಲಿಲ್ಲ. ಉಳಿದ ಭಾಗಗಳಿಗೆ ರಾಜಾರಾಮ್ ಸಂಗೀತ ಸಂಯೋಜಿಸಿದರು.