ನೀರಿನ ದಾರಿ ಅಳೆದ ವಿಶ್ವೇಶ್ವರಯ್ಯನವರು

ಸರ್ ಎಂ. ವಿಶ್ವೇಶ್ವರಯ್ಯ ಎಂದೊಡನೆ ನಮ್ಮ ಮಕ್ಕಳ ಕಣ್ಣ ಮುಂದೆ ಬರುವುದು ಕನ್ನಂಬಾಡಿ ಕಟ್ಟೆ. ಆದರೆ ಅವರು ವೃತ್ತಿಯ ಮೊದಲ ವರ್ಷಗಳಲ್ಲೇ ಪಟ್ಟ ಪಾಡು ನದಿಯ ಅಡಿಯಲ್ಲಿ ಹಾಯುವ ಒಂದು ಕೊಳವೆಯದು.

ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು, ಮನೆಪಾಠ ಹೇಳಿ ಓದಿದ ಅವರು 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ಖಾನ್‌ದೇಶದ ದಾತರ್ತಿ ಗ್ರಾಮದ ಬಳಿ ಕಾಲುವೆಯ ನೀರು ಪಾಂಝರಾ ನದಿಯನ್ನು ದಾಟಬೇಕಿತ್ತು. ಈಚೆ ದಡದಲ್ಲಿ ಕೊಳವೆಗಿಳಿದ ನೀರು ನದಿಯ ತಳದಡಿ ಹರಿದು ಆಚೆ ದಡದಲ್ಲಿ ಮೇಲೇಳಬೇಕು, ಇದೇ ಸೈಫನ್. ಆಚೆಯ ಬಾಯಿ ಈಚೆಯದಕ್ಕಿಂತ ತಗ್ಗಿನಲ್ಲಿದ್ದರೆ ನೀರು ಪಂಪಿಲ್ಲದೆ ತಾನೇ ಏರುತ್ತದೆ. ಲೆಕ್ಕವೇನೋ ಸುಲಭ, ಮಳೆಗಾಲ ಸುಲಭವಲ್ಲ. ಪ್ರವಾಹ ಅಡ್ಡಿಯಾದಾಗ, ಮಳೆ ಮುಗಿಯುವವರೆಗೆ ಕೆಲಸ ನಿಲ್ಲಿಸಬಹುದೇ ಎಂದು ಮೇಲಧಿಕಾರಿಗೆ ಬರೆದರು. ಅವರಿಗೆ ಅದು ಹಿಡಿಸಲಿಲ್ಲ. ತರುಣ ಎಂಜಿನಿಯರು ಕೆಲಸ ಮುಂದುವರಿಸಿ ಪೂರೈಸಿಕೊಟ್ಟರು. ಹೊಸ ನೌಕರಿಯಲ್ಲಿ ಹಾಗೆ ಬರೆಯುವುದಕ್ಕೂ ಎದೆಗಾರಿಕೆ ಬೇಕು ಎಂದು ನನಗನ್ನಿಸುತ್ತದೆ.

ನಮ್ಮ ರಸ್ತೆಗಳ ಮೋರಿಗೂ ಇಂಥದೇ ಲೆಕ್ಕವಿದೆ. ಬರುವ ನೀರಿಗಿಂತ ಮೋರಿಯ ಬಾಯಿ ಕಿರಿದಾದರೆ ಮೇಲ್ಗಡೆ ನೀರು ನಿಂತು ಹೊಲ ಮುಳುಗುತ್ತದೆ. ಒಳಗೆ ನುಗ್ಗಿದ ನೀರು ವೇಗ ಹೆಚ್ಚಿಸಿಕೊಂಡು ಕೆಳಗಡೆ ಮಣ್ಣು ಕೊರೆದು ಅಡಿಪಾಯವನ್ನೇ ಸಡಿಲಿಸುತ್ತದೆ. ಕಸಕಡ್ಡಿ ಸಿಕ್ಕಿಕೊಂಡರಂತೂ ನೀರು ರಸ್ತೆಯ ಮೇಲೇರುತ್ತದೆ. ಆದ್ದರಿಂದ ಮೊದಲು ಅಳೆಯಬೇಕಾದದ್ದು ರಸ್ತೆಯನ್ನಲ್ಲ, ಎಷ್ಟು ನೆಲದ ಮಳೆನೀರು ಅಲ್ಲಿಗೆ ಬಂದು ಸೇರುತ್ತದೆ ಎಂಬುದನ್ನು.

ಆ ಅಳತೆಯ ಬೆಲೆ ಏನೆಂಬುದು ಹೈದರಾಬಾದಿನಲ್ಲಿ ತಿಳಿಯಿತು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ಆಗ ಯುರೋಪ್ ಪ್ರವಾಸದಲ್ಲಿದ್ದ ವಿಶ್ವೇಶ್ವರಯ್ಯನವರಿಗೆ ನಿಜಾಮ್ ಸರ್ಕಾರದ ಕರೆ ಹೋಯಿತು. ಮರುವರ್ಷ ಬಂದವರು ನಗರದೊಳಗಿನ ನದಿಯನ್ನಷ್ಟೇ ನೋಡಿ ಸುಮ್ಮನಾಗಲಿಲ್ಲ. ಸುರಿದ ಮಳೆಯನ್ನೂ ನದಿಗೆ ನೀರು ಕೊಡುವ ಬಯಲನ್ನೂ ಅಲ್ಲಿನ ಕೆರೆಗಳನ್ನೂ ಲೆಕ್ಕಕ್ಕೆ ತಂದರು. ಇದ್ದ 788 ಕೆರೆಗಳಲ್ಲಿ 221 ಒಡೆದಿದ್ದವು. ಆ ನೀರೆಲ್ಲ ಒಮ್ಮೆಗೇ ಊರೊಳಗೆ ಹಾಯುವಷ್ಟು ದಾರಿ ಬಿಡುವುದು ಸಾಧ್ಯವಿರಲಿಲ್ಲ. ಊರಿಗೆ ಮೊದಲೇ ಅದನ್ನು ಹಿಡಿದು ನಿಧಾನವಾಗಿ ಬಿಡುವ ಜಲಾಶಯಗಳನ್ನು ಕಟ್ಟಬೇಕೆಂದು ಅವರು ಸಲಹೆಯಿತ್ತರು.

1909ರಲ್ಲೇ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾದ ಅವರು 1912ರಿಂದ 1918ರವರೆಗೆ ದಿವಾನರಾಗಿದ್ದರು. ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಅಷ್ಟರಲ್ಲಿ ಅವರು ದಿವಾನಗಿರಿಯನ್ನೂ ಬಿಟ್ಟಾಗಿತ್ತು.